ಅವಳಿಗೆ ಎದೆ ಡವಡವ, ಅವನಿಗೆ ಸಿಟ್ಟು: ಆತಂಕ ಗಂಡಿಗೂ ಹೆಣ್ಣಿಗೂ ಬೇರೆ ಥರ ಕಾಣುವುದು ಏಕೆ?

2025ರ ಜೂನ್, ಜುಲೈ ನೆನಪಿರಬಹುದು. ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರುತ್ತಿತ್ತು, ಅದರಲ್ಲೂ ಚಿಕ್ಕ ವಯಸ್ಸಿನವರದ್ದು. ನೋಡನೋಡುತ್ತಿದ್ದಂತೆ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯಿಂದಲೇ ಜನ ಸಾಲುಗಟ್ಟಿದರು. ಆಮೇಲೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲನೆ ಮಾಡಿ, ಹಾಸನದಲ್ಲಿ ಇಂಥ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಹೇಳಿತು. ಆದರೆ ಅಷ್ಟು ಹೊತ್ತಿಗೆ ಭಯ ಊರೂರು ಸುತ್ತಿಯಾಗಿತ್ತು. ಎದೆ ಸ್ವಲ್ಪ ಚುಳ್ ಎಂದರೂ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೂ 'ಇದು ಅದೇನಾ' ಅನ್ನುವ ದಿಗಿಲು.

ಎದೆನೋವು ಬಂದರೆ ತೋರಿಸಿಕೊಳ್ಳುವುದು ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಸಿಜಿ, ಎಕೋ ಎಲ್ಲ ನಾರ್ಮಲ್ ಬಂದ ಮೇಲೂ ಎದೆ ಡವಡವ ನಿಲ್ಲದಿದ್ದರೆ? ಆಗ ಆತಂಕದ, ಅಂದರೆ ಆಂಗ್ಸೈಟಿಯ ಮಾತು ಬರುತ್ತದೆ. ಇಲ್ಲಿಂದ ಮುಂದೆ ಗಂಡಸಿನ ದಾರಿ, ಹೆಂಗಸಿನ ದಾರಿ ಬೇರೆಯಾಗುತ್ತವೆ. ಹೆಂಗಸಾದರೆ 'ಟೆನ್ಷನ್ ಮಾಡ್ಕೊಂಡಿದೀಯ ಅಷ್ಟೆ, ಸುಮ್ನೆ ಮಲಗು' ಅನ್ನುತ್ತಾರೆ. ಗಂಡಸಾದರೆ 'ಗ್ಯಾಸ್ಟ್ರಿಕ್ ಇರಬೇಕು' ಅನ್ನುತ್ತಾರೆ, ಅವನೂ ಹೌದು ಅಂದುಕೊಳ್ಳುತ್ತಾನೆ. ಒಂದೇ ತೊಂದರೆ ಇಬ್ಬರಲ್ಲಿ ಹೀಗೆ ಬೇರೆ ಬೇರೆಯಾಗಿ ಕಾಣುವುದು ಏಕೆ ಎನ್ನುವುದನ್ನು ಬುಡದಿಂದ ನೋಡೋಣ.

## ಆತಂಕ ಕಾಯಿಲೆ ಆಗುವುದು ಯಾವಾಗ

ಆತಂಕ ಕೆಟ್ಟದ್ದೇನಲ್ಲ. ಅದು ಮನೆ ಕಾಯುವ ನಾಯಿಯ ಹಾಗೆ. ಕಳ್ಳ ಬಂದಾಗ ಬೊಗಳಲೇಬೇಕು. ಆದರೆ ತೆಂಗಿನ ಗರಿ ಬಿದ್ದರೂ, ಹಾಲಿನವನು ಬಂದರೂ, ಯಾರೂ ಬರದಿದ್ದರೂ ರಾತ್ರಿಯಿಡೀ ಬೊಗಳಿದರೆ ಮನೆಯವರಿಗೆ ನಿದ್ದೆ ಎಲ್ಲಿಂದ ಬರಬೇಕು?

ದೇಹದೊಳಗೆ ಆಗುವುದು ಇಷ್ಟು. ಮೆದುಳಿನ ಅಮಿಗ್ಡಲಾ ಎಂಬ ಸಣ್ಣ ಭಾಗಕ್ಕೆ ಅಪಾಯದ ಸುಳಿವು ಸಿಕ್ಕ ಕೂಡಲೇ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಕೈಕಾಲಿನ ದೊಡ್ಡ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಹೊಟ್ಟೆ ತೊಳಸಿದಂತಾಗುವುದು ಇದಕ್ಕೇ. ಉಸಿರು ಬೇಗ ಬೇಗ ಆಡುವುದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ, ತಲೆ ಹಗುರಾಗಿ ತಿರುಗಿದಂತಾಗುತ್ತದೆ. ಈ ಜುಮ್ಮೆನ್ನುವುದನ್ನೇ 'ಸ್ಟ್ರೋಕ್ ಆಗ್ತಿದೆ' ಅಂದುಕೊಂಡರೆ ಗಾಬರಿ ಇನ್ನೂ ಜಾಸ್ತಿ, ಉಸಿರು ಇನ್ನೂ ಜೋರು, ಜುಮ್ಮೂ ಇನ್ನೂ ಹೆಚ್ಚು. ಈ ಸುತ್ತು ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿದರೆ ಅದು ಪ್ಯಾನಿಕ್ ಅಟ್ಯಾಕ್. ಆ ಹೊತ್ತಿನಲ್ಲಿ ಜೀವ ಹೋಗಿಯೇಬಿಟ್ಟಿತು ಅನಿಸುತ್ತದೆ, ಇದು ನಾಟಕವಲ್ಲ.

ಹಾಗಾದರೆ ಕಾಯಿಲೆ ಅನ್ನುವುದು ಯಾವಾಗ? ಭಯಕ್ಕೂ ಕಾರಣಕ್ಕೂ ತಾಳೆಯಾಗದಿದ್ದಾಗ, ಅದು ತಿಂಗಳುಗಟ್ಟಲೆ ಬಿಡದಿದ್ದಾಗ, ನಿದ್ದೆ, ಕೆಲಸ, ಓಡಾಟ ಎಲ್ಲಕ್ಕೂ ಅಡ್ಡ ಬಂದಾಗ. ಸದಾ ಏನಾದರೊಂದರ ಬಗ್ಗೆ ಚಿಂತೆ ಹತ್ತಿಕೊಂಡೇ ಇರುವ ಬಗೆಗೆ ಕನಿಷ್ಠ 6 ತಿಂಗಳು ಎಂಬ ಅಳತೆ ಇದೆ. ಇದರ ಜೊತೆಗೆ ಮತ್ತೆ ಮತ್ತೆ ಪ್ಯಾನಿಕ್ ಬರುವುದು, ನಾಲ್ಕು ಜನರ ಮುಂದೆ ನಿಲ್ಲಲು ವಿಪರೀತ ಅಂಜುವ ಸೋಷಿಯಲ್ ಆಂಗ್ಸೈಟಿ, ಎತ್ತರ ಅಥವಾ ರಕ್ತ ಅಥವಾ ನಾಯಿಯ ಫೋಬಿಯಾ, ಹೀಗೆ ಹಲವು ಬಗೆ. ದೇಹದ ಈ ವ್ಯವಸ್ಥೆ ಗಂಡಿನಲ್ಲೂ ಹೆಣ್ಣಿನಲ್ಲೂ ಮೂಲದಲ್ಲಿ ಒಂದೇ.

## ಹೆಂಗಸರಲ್ಲಿ ಜಾಸ್ತಿ ಅನ್ನುವ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನ 35.9 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತು. ಮಾನಸಿಕ ಕಾಯಿಲೆಗಳಲ್ಲೇ ಹೆಚ್ಚು ಜನರನ್ನು ಕಾಡುವುದು ಇದು, ಹೆಂಗಸರಲ್ಲಿ ಹೆಚ್ಚು. ಅಮೆರಿಕದ 20,000ಕ್ಕೂ ಹೆಚ್ಚು ವಯಸ್ಕರ ಮಾಹಿತಿ ಇಟ್ಟುಕೊಂಡು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಆತಂಕದ ಕಾಯಿಲೆ ಅನುಭವಿಸಿದವರು ಹೆಂಗಸರಲ್ಲಿ ಮೂವರಿಗೆ ಒಬ್ಬರು, ಗಂಡಸರಲ್ಲಿ ಸುಮಾರು 22%. ಆದರೆ ಅದೇ ಅಧ್ಯಯನದಲ್ಲಿ ಇನ್ನೆರಡು ವಿಷಯಗಳಿದ್ದವು, ಅವು ಸುದ್ದಿಯಾಗುವುದು ಕಡಿಮೆ. ಸೋಷಿಯಲ್ ಆಂಗ್ಸೈಟಿಯಲ್ಲಿ ಗಂಡು ಹೆಣ್ಣಿನ ಅಂತರ ಕಾಣಲಿಲ್ಲ. ಕಾಯಿಲೆ ಶುರುವಾಗುವ ವಯಸ್ಸು, ಅದು ಎಳೆಯುವ ಕಾಲ ಕೂಡ ಇಬ್ಬರಲ್ಲೂ ಬೇರೆ ಇರಲಿಲ್ಲ. ಅಂದರೆ ಬಂದ ಮೇಲೆ ಅದು ಗಂಡಸನ್ನು ಬೇಗ ಬಿಟ್ಟುಹೋಗುತ್ತದೆ ಅಂತೇನಿಲ್ಲ.

ನಮ್ಮ ದೇಶದ ಲೆಕ್ಕ ಇನ್ನೂ ಯೋಚನೆಗೆ ಹಚ್ಚುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಆತಂಕ, ಖಿನ್ನತೆ ಹೆಂಗಸರಲ್ಲಿ ಹೆಚ್ಚು ಕಂಡವು. ಆದರೆ ಕುಡಿತದಂಥ ಚಟಗಳನ್ನೂ ಸೇರಿಸಿ ಎಲ್ಲ ಮಾನಸಿಕ ತೊಂದರೆಗಳನ್ನು ಒಟ್ಟು ಮಾಡಿದರೆ ಲೆಕ್ಕ ತಿರುಗಾಮುರುಗಾ: ಗಂಡಸರಲ್ಲಿ 13.9%, ಹೆಂಗಸರಲ್ಲಿ 7.5%. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡೇ ಮುಂದಿನದನ್ನು ಓದಬೇಕು.

## ಕೇಳಿದರೆ ಒಪ್ಪಿಕೊಳ್ಳುತ್ತಾರಾ?

ಆತಂಕಕ್ಕೆ ರಕ್ತಪರೀಕ್ಷೆ ಇಲ್ಲ. ಸಮೀಕ್ಷೆಯವರು ಕೇಳುತ್ತಾರೆ, ಜನ ಹೇಳುತ್ತಾರೆ. ಜಿಎಡಿ-7 ಎಂಬ ಹೆಸರಿನ, ಜಗತ್ತಿನಾದ್ಯಂತ ಬಳಸುವ ಪ್ರಶ್ನಾವಳಿಯಲ್ಲೂ ಅಷ್ಟೆ: ಕಳೆದ ಎರಡು ವಾರದಲ್ಲಿ ಎಷ್ಟು ಸಲ ಚಡಪಡಿಕೆ ಆಯಿತು, ಎಷ್ಟು ಸಲ ಚಿಂತೆ ನಿಲ್ಲಿಸಲು ಆಗಲಿಲ್ಲ ಎಂಬಂಥ ಏಳು ಪ್ರಶ್ನೆ. ಉತ್ತರ ಕೊಡುವವರು ಮುಚ್ಚಿಟ್ಟರೆ ಲೆಕ್ಕವೂ ತಪ್ಪುತ್ತದೆ.

ಗಂಡಸರು ಮುಚ್ಚಿಡುತ್ತಾರಾ? 1992ರಲ್ಲಿ ಪಿಯರ್ಸ್ ಮತ್ತು ಕರ್ಕ್‌ಪ್ಯಾಟ್ರಿಕ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಇದನ್ನು ಜಾಣತನದಿಂದ ಪರೀಕ್ಷಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ಸುಮ್ಮನೆ ಒಂದು ಪಟ್ಟಿ ಕೊಟ್ಟು, ಇಲಿ, ಹೆಗ್ಗಣ, ರೋಲರ್ ಕೋಸ್ಟರ್ ಎಂದರೆ ಎಷ್ಟು ಭಯ ಎಂದು ಕೇಳಿದರು. ಆಮೇಲೆ ಇನ್ನೊಂದು ಸಲ ಕೇಳಿದರು. ಈ ಸಲ, 'ನಿಮಗೆ ಇವುಗಳ ವಿಡಿಯೊ ತೋರಿಸಿ ಎದೆಬಡಿತ ಅಳೆಯುತ್ತೇವೆ, ನೀವು ಹೇಳಿದ್ದು ನಿಜವಾ ಅಂತ ಗೊತ್ತಾಗುತ್ತದೆ' ಎಂಬ ಅರ್ಥ ಬರುವಂತೆ ಏರ್ಪಾಡು ಮಾಡಿದ್ದರು. ಹುಡುಗಿಯರ ಉತ್ತರ ಹೆಚ್ಚು ಬದಲಾಗಲಿಲ್ಲ. ಹುಡುಗರು ಒಪ್ಪಿಕೊಂಡ ಭಯ ಮಾತ್ರ ಮೊದಲಿಗಿಂತ ಜಾಸ್ತಿಯಾಯಿತು.

ಇದು ಸಣ್ಣ ಪ್ರಯೋಗ. ಹೆಣ್ಣು ಗಂಡಿನ ಅಂತರವೆಲ್ಲ ಸುಳ್ಳು ಎಂದು ಇದರಿಂದ ಹೇಳಲಾಗುವುದಿಲ್ಲ, ಏಕೆಂದರೆ ಅಂತರ ಬಹಳ ದೇಶಗಳಲ್ಲಿ, ಬಹಳ ಥರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ಅಂತರದ ಒಂದು ಪಾಲು ಬಾಯಿಬಿಡದಿರುವುದರಿಂದ ಬಂದದ್ದು ಎಂದು ನಂಬಲು ಇದು ಸಾಕು. 'ಗಂಡಸಾಗಿ ಹೆದರ್ತೀಯಾ?' ಎಂದು ಕೇಳಿಸಿಕೊಂಡೇ ಬೆಳೆದ ಹುಡುಗ ದೊಡ್ಡವನಾದ ಮೇಲೆ ಸಮೀಕ್ಷೆಯವರ ಮುಂದೆ ಹೆದರಿಕೆ ಒಪ್ಪಿಕೊಳ್ಳುತ್ತಾನಾ?

## ಎಲ್ಲಾ ಹಾರ್ಮೋನಿನ ಆಟವಾ?

ಹಾರ್ಮೋನಿಗೆ ಪಾತ್ರ ಇದೆ. ಪ್ರೊಜೆಸ್ಟೆರಾನ್ ದೇಹದಲ್ಲಿ ಒಡೆದಾಗ ಅಲೊಪ್ರೆಗ್ನನೊಲೋನ್ ಎಂಬ ವಸ್ತು ಆಗುತ್ತದೆ. ಅದು ಮೆದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ, ಹೆರಿಗೆಯಾದ ಕೂಡಲೇ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈ ಹಾರ್ಮೋನುಗಳು ಏರಿಳಿಯುತ್ತವೆ. ಮಟ್ಟ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯಿತು ಎನ್ನುವುದು ಕೆಲವರನ್ನು ಹೆಚ್ಚು ಕಾಡುತ್ತದೆ. ಎಲ್ಲರನ್ನೂ ಅಲ್ಲ.

ಬಾಣಂತನದ ಮಾತು ಇಲ್ಲಿ ಬಿಡುವ ಹಾಗಿಲ್ಲ. ಮಗು ಉಸಿರಾಡುತ್ತಿದೆಯಾ ಎಂದು ರಾತ್ರಿ ಹತ್ತಾರು ಸಲ ಎದ್ದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುವ ತಾಯಿ, ಮಗು ಮಲಗಿದಾಗಲೂ ತಾನು ಮಲಗಲಾಗದ ತಾಯಿ ನಮ್ಮ ಮನೆಗಳಲ್ಲೇ ಇರುತ್ತಾರೆ. 'ಚೊಚ್ಚಲು ಅಲ್ವಾ, ಸರಿಹೋಗುತ್ತೆ' ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಕೆಲವರಿಗೆ ಸರಿಹೋಗುತ್ತದೆ. ವಾರಗಳಾದರೂ ಹಾಗೇ ಇದ್ದರೆ ಅದು ಚಿಕಿತ್ಸೆ ಬೇಕಾದ ಆತಂಕ. ಮಗುವಿನ ತೂಕ ನೋಡಲು ಹೋದಾಗಲೇ ತಾಯಿಯ ನಿದ್ದೆಯ ಬಗ್ಗೆಯೂ ಡಾಕ್ಟರಿಗೆ ಹೇಳಬೇಕು.

ಆದರೆ ಹಾರ್ಮೋನೇ ಪೂರ್ತಿ ಕಾರಣವಾಗಿದ್ದರೆ ಅಂತರ ಮೈನೆರೆದ ಮೇಲೆ ಶುರುವಾಗಬೇಕಿತ್ತು. ಹಾಗಿಲ್ಲ. ಅಮೆರಿಕದ ಓರೆಗಾನ್‌ನಲ್ಲಿ ಹೈಸ್ಕೂಲ್ ಮಕ್ಕಳ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ವರ್ಷದ ಹೊತ್ತಿಗೇ ಆತಂಕದ ಕಾಯಿಲೆ ಅನುಭವಿಸಿದ ಹುಡುಗಿಯರು ಹುಡುಗರಿಗಿಂತ ಎರಡು ಪಟ್ಟು ಇದ್ದರು. ಆರು ವರ್ಷಕ್ಕೆ ಮುಟ್ಟಿನ ಹಾರ್ಮೋನು ಎಲ್ಲಿಂದ ಬಂತು?

## ಬೆಳೆಸುವ ರೀತಿ, ಬದುಕುವ ರೀತಿ

ನಾಯಿ ಕಂಡು ಹೆದರಿದ ಹುಡುಗಿಯನ್ನು ಎತ್ತಿಕೊಂಡು ದೂರ ಕರೆದೊಯ್ಯುತ್ತೇವೆ. ಹುಡುಗನಿಗೆ 'ಏನೂ ಆಗಲ್ಲ, ಹೋಗು' ಅನ್ನುತ್ತೇವೆ. ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ ಏನೆಂದರೆ, ಹೆದರಿಕೆಯಿಂದ ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ, ಮೆಲ್ಲಮೆಲ್ಲನೆ ಎದುರಿಸಿದಷ್ಟೂ ಇಳಿಯುತ್ತದೆ. ಅಂದರೆ ಹುಡುಗಿಯರಿಗೆ ಪ್ರೀತಿಯಿಂದಲೇ ನಾವು ತಪ್ಪಿಸಿಕೊಳ್ಳುವುದನ್ನು ಜಾಸ್ತಿ ಕಲಿಸುತ್ತೇವೆ. ಹುಡುಗರಿಗೆ ಎದುರಿಸುವ ಅವಕಾಶ ಸಿಗುತ್ತದೆ, ಹೆದರಿಕೆಯಾಯಿತು ಎಂದು ಹೇಳುವ ಅವಕಾಶ ಸಿಗುವುದಿಲ್ಲ. ಇಬ್ಬರಿಗೂ ಒಂದೊಂದು ಅರ್ಧ ಸಿಕ್ಕಿ ಇನ್ನೊಂದು ಅರ್ಧ ಕೈತಪ್ಪುತ್ತದೆ.

ಇನ್ನು ಹೆಣ್ಣುಮಕ್ಕಳ ಎಚ್ಚರವನ್ನೆಲ್ಲ 'ಸುಮ್ಮನೆ ಹೆದರಿಕೆ' ಎಂದು ತಳ್ಳಿಹಾಕುವುದು ಅನ್ಯಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ದೌರ್ಜನ್ಯ ಅನುಭವಿಸಿದವರು ದೇಶದಲ್ಲಿ 29% ಆದರೆ ಕರ್ನಾಟಕದಲ್ಲಿ 44%. ಸಂಜೆ ಗೇಟಿನ ಸದ್ದು ಕೇಳಿದಾಗಲೇ ಇವತ್ತು ಯಾವ ಮೂಡಿನಲ್ಲಿ ಬಂದಿದ್ದಾನೆ ಎಂದು ಹೆಜ್ಜೆಯ ಸಪ್ಪಳದಲ್ಲೇ ಅಳೆಯಬೇಕಾದವಳ ಮೆದುಳು ಸದಾ ಎಚ್ಚರವಾಗಿರುವುದು ಅವಳ ದೌರ್ಬಲ್ಯವಲ್ಲ, ಅಲ್ವಾ? ಅವಳಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಮೊದಲು ಆ ಮನೆಯಲ್ಲಿ ಅವಳು ಸುರಕ್ಷಿತವಾ ಎಂದು ಕೇಳಬೇಕು.

ಅಷ್ಟು ಕಣ್ಣಿಗೆ ಬೀಳದ ಇನ್ನೊಂದು ಭಾರವೂ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. ನಿಮಿಷಗಳ ಲೆಕ್ಕದಲ್ಲಿ ಬರದ ಕೆಲಸ ಬೇರೆ: ಗ್ಯಾಸ್ ಬುಕ್ ಮಾಡಿದ್ದಾಯಿತಾ, ಅತ್ತೆಯ ಬಿಪಿ ಮಾತ್ರೆ ಮುಗಿಯಿತಾ, ಮಗುವಿನ ಫೀಸ್ ಕಟ್ಟುವ ಕೊನೇ ದಿನ ಯಾವುದು. ಮನೆಯ ಚಿಂತೆ ಮಾಡುವುದೇ ಒಬ್ಬರ ಪಾಲಿನ ಕೆಲಸವಾದರೆ ಚಿಂತೆ ಅವರಲ್ಲೇ ಜಾಸ್ತಿ ಕಾಣುವುದು ಸಹಜ.

ಟ್ರಾನ್ಸ್‌ಜೆಂಡರ್ ಸಮುದಾಯದವರಲ್ಲಂತೂ ಆತಂಕ ಇನ್ನೂ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬಾಡಿಗೆ ಮನೆ ಕೇಳಲು ಹೋದಾಗ, ಬಸ್ಸಿನಲ್ಲಿ ಕೂತಾಗ ಎಲ್ಲಿ ಅವಮಾನ ಎದುರಾಗುತ್ತದೋ ಎಂಬ ಎಚ್ಚರ ಅವರಿಗೆ ದಿನದ ಪಾಡು.

## ಮೈಯಲ್ಲಿ ಬಾಯಿಬಿಡುವ ಆತಂಕ

ನಮ್ಮಲ್ಲಿ 'ನನಗೆ ಆತಂಕ' ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವವರು ಕಡಿಮೆ. ಎದೆ ಹಾರುತ್ತದೆ, ತಲೆ ಭಾರ, ಕೈಕಾಲು ಸೆಳೆತ, ಊಟ ಸೇರಲ್ಲ, ಸುಸ್ತು ಎಂದು ಬರುತ್ತಾರೆ. ಪ್ಯಾನಿಕ್‌ನಲ್ಲಿ ಉಸಿರು ಕಟ್ಟಿದಂತಾಗುವುದನ್ನು ಗಂಡಸರಿಗಿಂತ ಹೆಂಗಸರು ಹೆಚ್ಚು ಹೇಳುತ್ತಾರೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಭಾರತದಲ್ಲಿ ಗಂಡು ಹೆಣ್ಣಿನ ಆತಂಕ ಮೈಯಲ್ಲಿ ಬೇರೆ ಬೇರೆ ಜಾಗ ಹಿಡಿಯುವ ಇನ್ನೂ ಗಾಢವಾದ ಉದಾಹರಣೆ ಇದೆ.

ಹುಡುಗರಲ್ಲಿ ಅದು 'ಧಾತು' ಭಯ. ಮೂತ್ರದಲ್ಲಿ, ನಿದ್ದೆಯಲ್ಲಿ ವೀರ್ಯ ಹೋಗುತ್ತಿದೆ, ಅದಕ್ಕೇ ಮೈ ಸೊರಗುತ್ತಿದೆ, ಮುಂದೆ ಮದುವೆಯಾದರೆ ಗತಿಯೇನು ಎಂದು ವರ್ಷಗಟ್ಟಲೆ ಒಳಗೊಳಗೇ ಬೇಯುತ್ತಾರೆ. ಇದನ್ನು ಧಾತ್ ಸಿಂಡ್ರೋಮ್ ಎಂದು 1960ರಲ್ಲಿ ಗುರುತಿಸಿ ಹೆಸರಿಟ್ಟವರು ಮನೋವೈದ್ಯ ಎನ್.ಎನ್. ವಿಗ್. ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ, ಅದರಿಂದ ಶಕ್ತಿ ಕುಂದುವುದಿಲ್ಲ. ಇಷ್ಟು ಮಾತನ್ನು ಯಾರೂ ಹೇಳದಿದ್ದಾಗ ಆ ಹುಡುಗನಿಗೆ ಕಾಣುವುದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ 'ಗುಪ್ತ ರೋಗಗಳಿಗೆ ಚಿಕಿತ್ಸೆ' ಎಂಬ ಜಾಹೀರಾತು. ಅಲ್ಲಿ ಭಯ ಇಳಿಯುವುದಿಲ್ಲ, ಜೇಬು ಖಾಲಿಯಾಗುತ್ತದೆ.

ಹೆಂಗಸರಲ್ಲಿ ಇದಕ್ಕೆ ಹತ್ತಿರವಾದದ್ದು ಬಿಳಿಸೆರಗಿನ ದೂರು. ಬಿಳುಪು ಹೋಗಿ ಹೋಗಿ ಸೊಂಟದಲ್ಲಿ ಶಕ್ತಿಯೇ ಇಲ್ಲ ಅನ್ನುತ್ತಾರೆ. ಸೋಂಕು ಇದ್ದರೆ ಮದ್ದು ಬೇಕೇ ಬೇಕು, ಪರೀಕ್ಷೆ ತಪ್ಪಿಸಬಾರದು. ಆದರೆ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿದ ಅಧ್ಯಯನದಲ್ಲಿ ಈ ದೂರಿಗೆ ಸೋಂಕಿಗಿಂತ ಆತಂಕ, ಖಿನ್ನತೆ, ಮನೆಯ ಕಷ್ಟಗಳ ಜೊತೆ ಹತ್ತಿರದ ನಂಟು ಕಂಡಿತು. ಸೋಂಕು ಇಲ್ಲದಿದ್ದರೂ ಆಂಟಿಬಯಾಟಿಕ್ ನುಂಗುತ್ತಲೇ ಇರುವವರು ಇದರಿಂದಾಗಿಯೇ ಸಿಗುತ್ತಾರೆ.

## ಗಂಡಸರಲ್ಲಿ ಅದು ಹಾಕುವ ವೇಷ

ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕು. ಸಾಲದ ಕಂತಿನ ಮೆಸೇಜ್ ಬಂದ ದಿನ ಮಕ್ಕಳ ಮೇಲೆ ಕೂಗಾಟ. ರಾತ್ರಿ ಹನ್ನೊಂದಾದರೂ ಆಫೀಸಿನಲ್ಲೇ. ಇವನ್ನು ನೋಡಿ ಯಾರೂ 'ಇವನಿಗೆ ಭಯವಾಗಿದೆ' ಅನ್ನುವುದಿಲ್ಲ, 'ಮೂಗಿನ ತುದಿಯಲ್ಲೇ ಕೋಪ' ಅನ್ನುತ್ತಾರೆ. ಸಿಟ್ಟೆಲ್ಲ ಆತಂಕವಲ್ಲ, ಸಿಟ್ಟಿಗೆ ಇದು ನೆಪವೂ ಆಗಬಾರದು. ಆದರೂ ಸಿಡುಕುತನ ಆತಂಕದ ಪಟ್ಟಿಮಾಡಿದ ಲಕ್ಷಣಗಳಲ್ಲೇ ಒಂದು, ಮತ್ತು ಗಂಡಸಿಗೆ ನಮ್ಮ ಸಮಾಜ ಸಲೀಸಾಗಿ ಬಿಟ್ಟುಕೊಟ್ಟಿರುವ ಭಾವನೆ ಅದೊಂದೇ.

ಇನ್ನೊಂದು ವೇಷ ಕುಡಿತ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಕುಡಿಯುವ ಗಂಡಸರು ಸುಮಾರು 19%, ಹೆಂಗಸರು 1%ರ ಆಸುಪಾಸು. ಆತಂಕವಿರುವ ಗಂಡಸರಲ್ಲಿ ಕುಡಿತ ಜೊತೆಗೂಡುವುದು ಹೆಂಗಸರಿಗಿಂತ ಹೆಚ್ಚು ಎಂದು ಬೇರೆ ದೇಶಗಳ ಅಧ್ಯಯನಗಳೂ ಹೇಳುತ್ತವೆ. ಏಕೆ ಕುಡಿಯುತ್ತಾರೆ ಅಂದರೆ, ಆ ಕ್ಷಣಕ್ಕೆ ಅದು ಕೆಲಸ ಮಾಡುತ್ತದೆ. ಆಲ್ಕೋಹಾಲ್ ಮೆದುಳಿನಲ್ಲಿ ಮೇಲೆ ಹೇಳಿದ ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ, ಎದೆಯ ಬಿಗಿ ಸಡಿಲವಾಗುತ್ತದೆ. ಆದರೆ ದಿನಾ ಕುಡಿದರೆ ಮೆದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕ ಏರಿಸಿಕೊಳ್ಳುತ್ತದೆ. ಅಮಲು ಇಳಿದ ಮೇಲೆ ಉಳಿಯುವುದು ಆ ಏರಿದ ಉದ್ರೇಕ: ಬೆಳಗಿನ ಜಾವ ಮೂರಕ್ಕೆ ಎಚ್ಚರ, ಎದೆ ಡವಡವ, ಕೈನಡುಕ, ಬೆವರು. ಹೀಗೆ ಕುಡಿತವೇ ಹುಟ್ಟಿಸಿದ ಆತಂಕಕ್ಕೆ ಸಂಜೆ ಮತ್ತೆ ಕುಡಿತವೇ ಮದ್ದು. ಇವನು ಲೆಕ್ಕಕ್ಕೆ ಸಿಗುವುದು ಕುಡುಕನಾಗಿ. ನಿಮ್ಹಾನ್ಸ್ ಸಮೀಕ್ಷೆಯ ಆ ಎರಡು ಅಂಕಿಗಳ ನಡುವೆ ಇಂಥವರೂ ಇರಬೇಕು ಎಂಬುದು ನನ್ನ ಅನಿಸಿಕೆ.

ಮುಚ್ಚಿಟ್ಟುಕೊಂಡದ್ದು ಎಲ್ಲಿಗೆ ಹೋಗಿ ನಿಲ್ಲಬಹುದು ಎನ್ನುವುದಕ್ಕೆ ಇನ್ನೊಂದು ಅಂಕಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು, ಅವರಲ್ಲಿ ನೂರಕ್ಕೆ ಸುಮಾರು 72 ಜನ ಗಂಡಸರು. ಇದಕ್ಕೆಲ್ಲ ಆತಂಕವೇ ಕಾರಣವಲ್ಲ. ಸಾಲ, ಕಾಯಿಲೆ, ಮನೆ ಜಗಳ, ಕುಡಿತ ಎಲ್ಲ ಸೇರಿರುತ್ತದೆ. ಆದರೆ 'ಗಂಡಸರಿಗೆ ಮನಸ್ಸಿನ ಕಷ್ಟ ಕಡಿಮೆ' ಅನ್ನುವ ಮಾತು ಈ ಅಂಕಿಯ ಮುಂದೆ ನಿಲ್ಲುವುದಿಲ್ಲ.

## ಡಾಕ್ಟರ ಮುಂದೆ ಕೂತಾಗ

ಹೆಂಗಸರ ವಿಷಯದಲ್ಲಿ ಆಗುವ ತಪ್ಪು ಎಂದರೆ ನಿಜವಾದ ದೈಹಿಕ ಕಾಯಿಲೆಯನ್ನೂ 'ಟೆನ್ಷನ್' ಎಂದು ಕಳಿಸಿಬಿಡುವುದು. ಥೈರಾಯ್ಡ್ ಹೆಚ್ಚಾದರೆ ಎದೆ ಹಾರುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ಥೇಟ್ ಆತಂಕದ ಹಾಗೇ. ಥೈರಾಯ್ಡ್ ತೊಂದರೆ ಹೆಂಗಸರಲ್ಲೇ ಜಾಸ್ತಿ. ರಕ್ತಹೀನತೆಯಲ್ಲೂ ಏದುಸಿರು, ಎದೆಬಡಿತ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನರಿಗೆ ರಕ್ತ ಕಡಿಮೆ. ಹೃದಯಾಘಾತದಲ್ಲೂ ಹೆಂಗಸರಿಗೆ ಎದೆನೋವಿನ ಜೊತೆ ವಾಕರಿಕೆ, ವಿಪರೀತ ಸುಸ್ತು, ದವಡೆ ಅಥವಾ ಬೆನ್ನುನೋವು ಕಾಣುವುದು ಹೆಚ್ಚು. ಹಾಗಾಗಿ ಹಿಮೋಗ್ಲೋಬಿನ್, ಥೈರಾಯ್ಡ್ ತಿಳಿಯಲು ಮಾಡುವ ಟಿಎಸ್‌ಎಚ್ ರಕ್ತಪರೀಕ್ಷೆ, ಬೇಕಿದ್ದರೆ ಇಸಿಜಿ ನೋಡಿದ ಮೇಲೆಯೇ ಆತಂಕದ ಮಾತು.

ಗಂಡಸರಲ್ಲಿ ತಪ್ಪು ಉಲ್ಟಾ. ಇಸಿಜಿ, ಟ್ರೆಡ್‌ಮಿಲ್, ಎಂಡೋಸ್ಕೋಪಿ ಎಲ್ಲ ಆಗಿರುತ್ತದೆ, ಒಂದಲ್ಲ ಎರಡೆರಡು ಸಲ. 'ನಿದ್ದೆ ಹೇಗಿದೆ? ಯಾವುದಾದರೂ ಭಯ ಕಾಡುತ್ತಾ?' ಎಂದು ಮಾತ್ರ ಯಾರೂ ಕೇಳಿರುವುದಿಲ್ಲ. ಕೇಳದಿದ್ದರೆ ಅವರಾಗಿಯೇ ಹೇಳಬಹುದು: 'ಇಂಥ ಹೊತ್ತಿಗೆ ಎದೆ ಹಾರುತ್ತದೆ, ಇಷ್ಟು ಹೊತ್ತು ಇರುತ್ತದೆ, ಇಷ್ಟು ಕುಡಿಯುತ್ತೇನೆ' ಎಂದು ನೇರವಾಗಿ.

## ಚಿಕಿತ್ಸೆ ಎಲ್ಲಿ, ಹೇಗೆ

ಆತಂಕಕ್ಕೆ ಮದ್ದು ಇದೆ, ಗಂಡಿಗೂ ಹೆಣ್ಣಿಗೂ ಅದೇ ಮದ್ದು. ಒಂದು, ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಭಯ ಹುಟ್ಟಿಸುವ ಯೋಚನೆಯನ್ನು ಹಿಡಿದು ಪರೀಕ್ಷಿಸುವುದನ್ನು, ತಪ್ಪಿಸಿಕೊಳ್ಳುತ್ತಿದ್ದ ಜಾಗಕ್ಕೆ ಸ್ವಲ್ಪಸ್ವಲ್ಪವೇ ಹೋಗುವುದನ್ನು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ಇನ್ನೊಂದು, ಎಸ್‌ಎಸ್‌ಆರ್‌ಐ ಬಗೆಯ ಮಾತ್ರೆಗಳು. ಇವು ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ತುಸು ಹೆಚ್ಚಾಗಲೂಬಹುದು. ನಾಲ್ಕು ದಿನ ತೆಗೆದುಕೊಂಡು 'ಏನೂ ಗುಣ ಇಲ್ಲ' ಎಂದು ಬಿಡುವವರು ಬಹಳ. ಬಸುರಿ, ಬಾಣಂತಿಯರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು, ಅವರಿಗೆ ಹೊಂದುವ ಮಾತ್ರೆ ಆರಿಸಿ ಕೊಡುತ್ತಾರೆ. ಅಲ್ಪ್ರಜೋಲಮ್ ಥರದ್ದು ತಕ್ಷಣ ಶಾಂತ ಮಾಡುತ್ತದೆ, ಆದರೆ ಅಭ್ಯಾಸ ಹತ್ತಿಸುತ್ತದೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ತಿಂಗಳುಗಟ್ಟಲೆ ತಂದು ನುಂಗುವುದು, ಆಮೇಲೆ ಒಂದೇ ಸಲ ಬಿಡುವುದು, ಎರಡೂ ಅಪಾಯ.

ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆ ಇದ್ದವರಲ್ಲಿ ಸುಮಾರು 85% ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಬೆಂಗಳೂರು, ಮೈಸೂರಿಗೇ ಓಡಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ತಂದಿತ್ತು; ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಬರುತ್ತಾರೆ ಎಂದು ಅಲ್ಲೇ ವಿಚಾರಿಸಿ. ಹೋಗಲು ಮುಜುಗರ ಎಂದರೆ ಫೋನ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.